ಮೂಲೆ ಸವೆದ ಬಿರಡೆ

ಹುನಗುಂದದ ನಿವೃತ್ತ ಕನ್ನಡ ಮಾಸ್ತರರೊಬ್ಬರ ಮನೆಯಲ್ಲಿ ಅವರ ತಂದೆಯ ಕಾಲದ ಅಂಬಾಸಡರ್ ಕಾರು ಇನ್ನೂ ಉಳಿದಿದೆ. ಪುಷ್ಯ ಮಾಸದಲ್ಲಿ ನಡೆಯುವ ಬಾದಾಮಿ ಬನಶಂಕರಿಯ ಜಾತ್ರೆಗೆ ಮನೆಮಂದಿಯೆಲ್ಲ ಹೋಗಿಬರುತ್ತಿದ್ದುದು ಅದರಲ್ಲಿಯೇ. ಎಂಬತ್ತು ದಾಟಿದ ತಾಯಿಯವರು, ಗಂಡನೊಡನೆ ಕುಳಿತು ಹೋಗುತ್ತಿದ್ದ ಆ ಗಾಡಿಯಲ್ಲಿಯೇ ಇನ್ನೊಮ್ಮೆ ದೇವಿಯ ದರ್ಶನಕ್ಕೆ ಹೋಗಬೇಕೆಂದು ಬಯಸಿದರು. ಆದರೆ ಹಿಂದಿನ ಆಕ್ಸಲಿನಿಂದ ಗುಂಯ್ ಎನ್ನುವ ಸದ್ದು ಕೇಳತೊಡಗಿತ್ತು. ಒಳಗಿನ ಎಣ್ಣೆ ತಗ್ಗಿದೆಯೇ ಎಂದು ನೋಡಲು ಅದರ ಬಿರಡೆಯನ್ನು ಬಿಚ್ಚಬೇಕು. ಹಿಂದೊಮ್ಮೆ ಬಾಗಲಕೋಟೆಯಲ್ಲಿ ಆತುರದಿಂದ ತಿರುವಿದವರ ಕೈಯಲ್ಲಿ ಬಿರಡೆಯ ಮೂಲೆಗಳು ಸವೆದು ಗುಂಡಗಾಗಿದ್ದವು.

ಇಂಥ ಹಾನಿಯ ಹಿಂದೆ ಒಂದು ಚರಿತ್ರೆಯೂ ಇದೆ. ಅಂಬಾಸಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿ. ಹಿಂದುಸ್ತಾನ್ ಮೋಟರ್ಸ್ ಸಂಸ್ಥೆ ಅದನ್ನು ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಿಸಿತು. ಆ ವಿನ್ಯಾಸ ಹುಟ್ಟಿದ್ದು ಅಂಗುಲದ ಅಳತೆಯಲ್ಲಿ. ಭಾರತವಾದರೋ 1956ರ ಕಾಯ್ದೆಯ ನಂತರ ಹಂತಹಂತವಾಗಿ ಮೆಟ್ರಿಕ್ ಪದ್ಧತಿಗೆ ಹೊರಳಿತು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಪಾನಾ ಹಾಕಿದರೆ ಉಳಿಯುವ ಸಡಿಲು 0.3 ಮಿಲಿಮೀಟರ್ ಮಾತ್ರ. ಅಷ್ಟು ಸಾಕು. ಸಡಿಲಾದ ಪಾನಾ ಸಮತಟ್ಟಾದ ಬದಿಯನ್ನು ಹಿಡಿಯದೆ ಮೂಲೆಯನ್ನು ಮಾತ್ರ ಒತ್ತುತ್ತದೆ. ಬಲ ಹೆಚ್ಚಿದಂತೆ ಮೂಲೆ ಮಡಿಯುತ್ತದೆ.

ಮಾಸ್ತರರು ಗಾಡಿಯನ್ನು ನಿಧಾನವಾಗಿ ಇಳಕಲ್ಲಿಗೆ ಒಯ್ದರು. ಗ್ರಾನೈಟ್ ಹೊರುವ ಲಾರಿಗಳನ್ನು ದುರಸ್ತಿ ಮಾಡುತ್ತ ತಲೆ ನರೆತ ಮಿಸ್ತ್ರಿ ಕೆಳಗೆ ಮಲಗಿ ನೋಡಿ ಹೇಳಿದ: "ಮಾಸ್ತರ್ರ, ತುಕ್ಕಿನ ಮಾತು ಆಮ್ಯಾಲ. ಇದನ್ನ ಕೆಡಿಸಿದ್ದು ಪಾನಾ. ಗಡಿಬಿಡಿ ಮಾಡಬ್ಯಾಡ್ರಿ, ಇವತ್ತೊಂದಿನ ಇಲ್ಲೇ ಇರಲಿ."

ಆತ ಮೊದಲು ತಂತಿ ಬ್ರಷ್‌ನಿಂದ ಮಣ್ಣು, ಜಿಡ್ಡು ಕೆರೆದು ತೆಗೆದ. ತುಕ್ಕು ಸಡಿಲಿಸುವ ಎಣ್ಣೆಯನ್ನು ಬಿರಡೆಯ ಸುತ್ತ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಟ್ಟ. ಬೆಳಿಗ್ಗೆ ಬಿರಡೆಯ ನೆತ್ತಿಗೆ ಸುತ್ತಿಗೆಯಿಂದ ನೇರವಾಗಿ, ಹಗುರವಾಗಿ, ಹಲವು ಸಲ ಬಡಿದ. ಆ ಕಂಪನ ಮರೆಯ ಸುತ್ತುಗಳಲ್ಲಿ ಕಚ್ಚಿಕೊಂಡ ತುಕ್ಕನ್ನು ಒಡೆಯುತ್ತದೆ. ಅದೇ ಊರಿನ ಕಲ್ಲುಗಣಿಯವರೂ ಸಾಲು ಬೆಣೆಗಳಿಗೆ ಸರದಿಯಂತೆ ಪೆಟ್ಟು ಕೊಟ್ಟೇ ಬಂಡೆ ಸೀಳುವವರು. ಬಳಿಕ ತುಸು ಚಿಕ್ಕದಾದ ಆರು ಮೂಲೆಯ ಬಾಕ್ಸ್ ಪಾನಾವನ್ನು ಬಡಿದು ಕೂಡಿಸಿ ತಿರುವಿದ, ಅದೂ ಜಾರಿತು. ಉಳಿ ಹಿಡಿದು ಅಂಚಿಗೆ ಹೊಡೆಯಬಹುದಿತ್ತು, ಆದರೆ ಉಳಿ ಜಾರಿದರೆ ಆಕ್ಸಲಿನ ಕವಚಕ್ಕೇ ಪೆಟ್ಟು. ಕೊನೆಗೆ ಬ್ಯಾಟರಿಯ ತಂತಿ ಬಿಚ್ಚಿ, ಬಿರಡೆಯ ಮೇಲೊಂದು ಹೊಸ ನಟ್ಟನ್ನು ಬೆಸುಗೆ ಹಾಕಿದ. ಬೆಸುಗೆಯ ಬಿಸಿಯೂ ಹಿಡಿತವನ್ನು ಸಡಿಲಿಸಿತು. ಕೊಂಚ ಬಿಗಿದು, ಕೊಂಚ ಬಿಚ್ಚಿ, ಮತ್ತೆ ಬಿಗಿದು, ಹೀಗೆ ಅದನ್ನು ಹೊರತಂದ.

ಈ ನಡುವೆ ಮಾಸ್ತರರು ಕೆಳಗಿನ ಬಿರಡೆ ಬಿಚ್ಚಿ ಹಳೆಯ ಎಣ್ಣೆ ಸುರಿಯಬಾರದೇ ಎಂದು ಕೇಳಿದ್ದರು. "ತುಂಬೋ ಬಾಯಿ ತೆರೀಲಾರದ ಬರಿದ ಮಾಡಿದ್ರ, ಗಾಡಿ ಇಲ್ಲೇ ಕೂಡತೈತ್ರಿ" ಎಂದಿದ್ದ ಮಿಸ್ತ್ರಿ. ತುಂಬುವ ದಾರಿ ತೆರೆಯದೆ ಬರಿದು ಮಾಡಬಾರದೆಂಬುದು ಆ ಕಸುಬಿನ ಮೊದಲ ನಿಯಮ.

ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಈ ನಿಯಮ ಹೊಸತಲ್ಲ. ತೇವಕ್ಕೆ ಅಂಟಿಕೊಂಡ ತಾಳೆಗರಿಗಳನ್ನು ಬಲದಿಂದ ಬಿಡಿಸಿದರೆ ಗರಿಯೊಡನೆ ಅಕ್ಷರವೂ ಹೋಗುತ್ತದೆ. ಅರ್ಥವಾಗದ ಪಾಠವನ್ನು ಕಿತ್ತುಹಾಕುವ ಮುನ್ನ ಅಲ್ಲಿ ತುಂಬಲು ಆಧಾರವಿದೆಯೇ ಎಂದು ನೋಡಬೇಕಾಗುತ್ತದೆ. ಕಾಲ ಕೆಡಿಸಿದ್ದಕ್ಕಿಂತ ತಿದ್ದಲು ಹೊರಟ ಕೈ ಕೆಡಿಸಿದ್ದು ಹೆಚ್ಚು ಎಂಬ ಅನುಭವ ಎರಡೂ ಕಡೆ ಒಂದೇ.

ಒಳಗೆ ಎಣ್ಣೆ ಬಹಳ ತಗ್ಗಿತ್ತು. ಹಳೆಯದನ್ನು ಇಳಿಸಿ, ಅಂಚಿನಿಂದ ಹೊರಸೂಸುವವರೆಗೆ ಹೊಸದನ್ನು ತುಂಬಿ, ಹೊಸ ವಾಷರ್ ಇಟ್ಟು ಹೊಸ ಬಿರಡೆಯನ್ನು ಹದವಾಗಿ ಬಿಗಿದದ್ದಾಯಿತು. ಸದ್ದು ಕುಗ್ಗಿತು, ನಿಲ್ಲಲಿಲ್ಲ. ಒಣಗಿದ ದಿನಗಳಲ್ಲಿ ಸವೆದ ಹಲ್ಲುಗಳು ಮರಳಿ ಬರುವಂತಿರಲಿಲ್ಲ. "ಜಾತ್ರಿಗೆ ಹೋಗಿಬರ್ರಿ, ಖರೆ ಓಡಿಸಬ್ಯಾಡ್ರಿ, ನಡಸ್ರಿ" ಎಂದ ಮಿಸ್ತ್ರಿ.

ಆ ವರ್ಷ ಬನದ ಹುಣ್ಣಿಮೆಗೆ ಕಾರು ಬಾದಾಮಿಯ ಹಾದಿ ಹಿಡಿಯಿತು. ತಾಯಿಯವರಿಗೆ ಆ ಸಣ್ಣ ಸದ್ದು ಕೇಳಿಸಲಿಲ್ಲ. ಮಾಸ್ತರರಿಗೆ ದಾರಿಯುದ್ದಕ್ಕೂ ಕೇಳಿಸುತ್ತಿತ್ತು.