ಕಾರ್ ಶೆಡ್ಡಿನ ಬಾಡಿಗೆ

ಜಯನಗರ, ಬನಶಂಕರಿ ಕಡೆಯ ಹಳೇ ಮನೆಗಳ ಕಾರ್ ಶೆಡ್ಡಿನಲ್ಲಿ ಕಾರು ಇರುವುದು ಅಪರೂಪ. ಕಾರು ಪಾಪ ಬೀದಿಯಲ್ಲಿ, ಹೊಂಗೆ ಮರದಡಿ, ಕಾಗೆಗಳ ಕೃಪೆಗೆ ಪಾತ್ರವಾಗಿ ನಿಂತಿರುತ್ತದೆ. ಶೆಡ್ಡಿನೊಳಗೆ ಏನುಂಟು ಏನಿಲ್ಲ! ತುಕ್ಕು ಹಿಡಿದ ಬೀರು, ಮಕ್ಕಳು ಎಂದೋ ಬಿಟ್ಟ ಮೂರು ಗಾಲಿ ಸೈಕಲ್ಲು, ದಸರಾ ಬೊಂಬೆಗಳ ಟ್ರಂಕು, ಮನೆ ಕಟ್ಟಿದಾಗ ಉಳಿದ ಮೊಸಾಯಿಕ್ ಟೈಲ್ಸು, ‘ಯಾವುದಕ್ಕಾದರೂ ಬೇಕಾಗುತ್ತೆ, ಇರಲಿ’ ಎಂದು ಇಟ್ಟ ಪಿವಿಸಿ ಪೈಪಿನ ತುಂಡುಗಳು. ಇಷ್ಟರ ಮಧ್ಯೆ ಹಳೇ ಬೆಡ್‌ಶೀಟು ಹೊದ್ದ ಒಂದು ಗಾಡಿ. ಕೆಲವರ ಮನೆಯಲ್ಲಿ ಅದು ಲ್ಯಾಂಬ್ರೆಟಾ, ಕೆಲವರಲ್ಲಿ ಬುಲೆಟ್ಟು. ನಮ್ಮಲ್ಲಿ ಜಾವಾ.

ಜಾವಾ ನಮ್ಮ ಮಾವನವರದು. ಈಗಿನ ಕೆಎ ಅಲ್ಲ, ಹಳೇ ಕಾಲದ ‘ಎಂವೈ’ ನಂಬರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಬೀಗದ ಕೈಗೊಂಚಲು ತೋರಿಸಿ, “ಅಡುಗೆಮನೆ, ದೇವರಮನೆ, ಸ್ಟೋರು ಎಲ್ಲ ನಿಂದೇ ಕಣಮ್ಮ. ಶೆಡ್ಡಿಗೆ ಮಾತ್ರ ತಲೆ ಹಾಕಬೇಡ, ಅದು ಗಂಡಸರದು” ಎಂದಿದ್ದರು. ತಲೆ ಹಾಕದೆ ಇರುವುದು ನನ್ನ ಜಾಯಮಾನವಲ್ಲ. ನೋಡುತ್ತ ನೋಡುತ್ತ ನನಗೆ ಅರ್ಥವಾದದ್ದು ಇಷ್ಟು: ಶೆಡ್ಡು ಮನೆಯ ಆಸ್ತಿ. ಅದನ್ನು ಒಬ್ಬರು ಪ್ರತಿ ಭಾನುವಾರ ಹಿಡಿದುಕೊಂಡು ಕೂತರೆ ಮನೆಗೆ ಬಾಡಿಗೆ ಸಲ್ಲಬೇಕು. ಆ ಬಾಡಿಗೆ ಸಲ್ಲುವುದು ರಿಪೇರಿಯ ರೂಪದಲ್ಲಿ. ಸೋರುವ ನಲ್ಲಿಗೆ ವಾಷರು, ಕಿರುಗುಟ್ಟುವ ಗೇಟಿಗೆ ಗ್ರೀಸು, ಕೈಕೊಟ್ಟ ಮಿಕ್ಸಿ, ಬಾತ್‌ರೂಮಿನ ಚಿಲಕ. ಮಾವನವರೂ ಇದೇ ಬಾಡಿಗೆ ಕಟ್ಟುತ್ತಿದ್ದರಂತೆ.

ಜಾವಾ ನಮ್ಮ ನೆಲದ್ದೇ ಗಾಡಿ ಎನ್ನುವುದು ಈಗಿನವರಿಗೆ ಮರೆತಿದೆ. ಮೂಲ ಚೆಕೊಸ್ಲೊವಾಕಿಯಾದ್ದಾದರೂ ಇಲ್ಲಿ ತಯಾರಾಗುತ್ತಿದ್ದದ್ದು ಮೈಸೂರಿನ ಯಾದವಗಿರಿಯಲ್ಲಿ. ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರಿನ ಹೊಸ ಗಾಡಿ 2018ರಲ್ಲಿ ಬಂತು ನಿಜ, ಆದರೆ ಅದರ ಒಂದು ನಟ್ಟೂ ನಮ್ಮ ಗಾಡಿಗೆ ಕೂರುವುದಿಲ್ಲ. ಹಾಗಾಗಿ ನಮ್ಮನೆಯವರ ತೀರ್ಥಯಾತ್ರೆ ಏನಿದ್ದರೂ ಮಿನರ್ವ ಸರ್ಕಲ್ ದಾಟಿ ಜೆ.ಸಿ. ರೋಡಿಗೆ. ಉದ್ಘಾಟನೆ ಮಾಡಿದ ಮಹಾರಾಜರ ಹೆಸರಿನ ರಸ್ತೆಯಲ್ಲೇ ಆ ಗಾಡಿಯ ಬಿಡಿಭಾಗ ಹುಡುಕಿಕೊಂಡು ಅಲೆಯುವ ಯೋಗ! ಅಂಗಡಿಯವರು “ಒರಿಜಿನಲ್ ಇಲ್ಲ ಸಾರ್, ಡೂಪ್ಲಿಕೇಟ್ ಇದೆ” ಅಂದರೆ ಇವರ ಮುಖ ಬಾಡುತ್ತದೆ. ‘ಒರಿಜಿನಲ್ಲು’ ಅಂದರೆ ಮೈಸೂರಲ್ಲಿ ತಯಾರಾಗಿ, ಯಾವುದೋ ಅಂಗಡಿಯ ಅಟ್ಟದ ಮೇಲೆ, ಮೇಣದ ಕಾಗದದಲ್ಲಿ ಸುತ್ತಿ ಮರೆತುಹೋದದ್ದು. ಅಂಥದೊಂದು ಸಿಕ್ಕಿದ ದಿನ ಇವರು ವಾಪಸು ಬರುವಾಗ ಮೈಸೂರು ಪಾಕೂ ತರುತ್ತಾರೆ. ಆ ಪೊಟ್ಟಣ ನೋಡಿಯೇ ನಾನು ಖರ್ಚೆಷ್ಟು ಎಂದು ಅಂದಾಜು ಮಾಡಿಬಿಡುತ್ತೇನೆ.

ಇದೇ ಹುಚ್ಚಿಗೆ ಅಮೆರಿಕದಲ್ಲಿ ಬೇರೆ ಮುಖ. ಭಾನುವಾರ ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುವ ಹಳೇ ಪತ್ರಿಕೆಗಳನ್ನು ಹೊತ್ತು ತರುವುದು ಇವರ ಇನ್ನೊಂದು ಚಾಳಿ. ಅದರಿಂದ ನನಗೂ ಹಾಟ್ ರಾಡ್ ಪರಿಚಯವಾಯಿತು. ಫೋರ್ಡ್ ಕಂಪನಿ 1932ರಲ್ಲಿ ಎಂಟು ಸಿಲಿಂಡರಿನ ಎಂಜಿನ್ನನ್ನು ಅಗ್ಗದ ಕಾರಿನಲ್ಲಿ ಕೂರಿಸಿ ಮಾರಿತು. ಮುಂದೆ ಕ್ಯಾಲಿಫೋರ್ನಿಯಾದ ಹುಡುಗರು ಅಂಥ ಹಳೇ ಕಾರು ಕೊಂಡು, ಮಡ್‌ಗಾರ್ಡು, ಬಾನೆಟ್ಟು ಕಿತ್ತು ಬಿಸಾಕಿ, ಎಂಜಿನ್ನಿಗೆ ಇನ್ನಷ್ಟು ಕಸುವು ತುಂಬಿ, ಬತ್ತಿದ ಕೆರೆಯಂಗಳಗಳಲ್ಲಿ ಓಡಿಸಿ ಯಾರದು ಜೋರು ಎಂದು ನೋಡುತ್ತಿದ್ದರು. (ಬತ್ತಿದ ಕೆರೆಗಳು ನಮಗೂ ಇದ್ದವು. ನಾವು ಧರ್ಮಾಂಬುಧಿಯಲ್ಲಿ ಬಸ್‌ಸ್ಟ್ಯಾಂಡು, ಸಂಪಂಗಿಯಲ್ಲಿ ಸ್ಟೇಡಿಯಂ ಕಟ್ಟಿಕೊಂಡೆವು.) ಅವರ ‘ಹಾಟ್ ರಾಡ್’ ಪತ್ರಿಕೆಯ ಮೊದಲ ಸಂಚಿಕೆ ಬಂದದ್ದು 1948ರ ಜನವರಿಯಲ್ಲಿ. ಅದೇ ವರ್ಷ ಇಲ್ಲಿ ರಾಜಾಜಿಯವರ ಕೈಯಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾಯಿತು.

ಆದರೆ ಆ ಹುಡುಗರಿಗೂ ನಮ್ಮನೆಯವರ ಬಳಗಕ್ಕೂ ಎಣ್ಣೆ ಸೀಗೆಕಾಯಿ. ಅಲ್ಲಿಯವರಿಗೆ ಹಳೇ ಗಾಡಿ ಬೇಕಾಗಿದ್ದದ್ದು ಅದನ್ನು ಬೇರೆ ಏನೋ ಮಾಡಲಿಕ್ಕೆ. ಇವರಿಗೆ ಅದು ಹಿಂದೆ ಏನಾಗಿತ್ತೋ ಅದೇ ಆಗಬೇಕು. ಟ್ಯಾಂಕಿನ ಕೆಂಪು ಬಣ್ಣ ಒಂದು ಛಾಯೆ ಹೆಚ್ಚಾದರೂ ನಿದ್ದೆ ಬರುವುದಿಲ್ಲ. ಕಾನೂನೂ ಇವರ ಪರವೇ. ಆರ್‌ಸಿಯಲ್ಲಿ ಬರೆದದ್ದಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸಕೂಡದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ‘ವಿಎ’ ಎಂಬ ವಿಂಟೇಜ್ ನಂಬರಿನ ವ್ಯವಸ್ಥೆ ಬಂತು. ಅದಕ್ಕೂ ಗಾಡಿ ಮೂಲ ರೂಪದಲ್ಲೇ ಇರಬೇಕೆಂಬ ಷರತ್ತು. ನೋಂದಣಿಗೆ 20,000 ರೂಪಾಯಿ ಶುಲ್ಕ. ಅಷ್ಟು ಕಟ್ಟಿದ ಮೇಲೂ ದಿನಬಳಕೆಗೆ ಓಡಿಸುವ ಹಾಗಿಲ್ಲ. “ಓಡಿಸೋಕಾಗದ ಗಾಡಿ ಯಾಕೆ?” ಎಂದು ಇವರು ಆ ಕಡೆ ತಲೆ ಹಾಕಲಿಲ್ಲ. ಮಾಮೂಲಿ ಮರುನೋಂದಣಿಯ ಶುಲ್ಕವೂ 2022ರ ಏಪ್ರಿಲ್‌ನಿಂದ ಬೈಕಿಗೆ 300 ಇದ್ದದ್ದು 1,000 ಆಯಿತು. ಕಟ್ಟಿ ಬಂದರು. ಆ ತಿಂಗಳು ಬಾಡಿಗೆಯ ಲೆಕ್ಕದಲ್ಲಿ ನನಗೆ ಎರಡು ಫ್ಯಾನು, ಒಂದು ಗೀಸರು ರಿಪೇರಿಯಾದವು.

ಹಾಟ್ ರಾಡಿಗೆ ಹತ್ತಿರದ ನೆಂಟರು ಯಾರಾದರೂ ಇಲ್ಲಿದ್ದರೆ ಅವರು ಬಿಟಿಎಂ ಲೇಔಟಿನ ಪೀಜಿಗಳಲ್ಲಿರುವ ಆರ್‌ಎಕ್ಸ್ 100 ಹುಡುಗರು. 1985ರಿಂದ 1996ರವರೆಗೆ ಮಾತ್ರ ಬಂದ, 98 ಸಿಸಿಯ ಆ ಪುಟಾಣಿ ಯಮಹಾ ಈ ಹುಡುಗರು ಹುಟ್ಟುವ ಮೊದಲಿನ ಗಾಡಿ. ಎಂಜಿನ್ನಿನ ಪೋರ್ಟು ಕೊರೆಸುವುದು, ಸೈಲೆನ್ಸರು ಬದಲಿಸುವುದು ಅವರ ಕಸುಬು. ಪೊಲೀಸರು ಅಂಥ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರ ಪೇಪರಿನಲ್ಲಿ ಬಂದಾಗ ನಮ್ಮನೆಯವರು “ಹಾಗೇ ಆಗಬೇಕು” ಎನ್ನುತ್ತಾರೆ. ಮಾರನೇ ಭಾನುವಾರ ಆ ಹುಡುಗರಲ್ಲೇ ಒಬ್ಬ “ಅಂಕಲ್, ಸ್ಟಾರ್ಟಿಂಗ್ ಟ್ರಬಲ್” ಎಂದು ಗೇಟಿನ ಹತ್ತಿರ ನಿಂತರೆ ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದು ಹೋಗುತ್ತಾರೆ.

ಬೆಂಗಳೂರಿನ ಈ ದಕ್ಷಿಣ ಭಾಗದಲ್ಲೇ ಇಷ್ಟೊಂದು ಜನ ಶೆಡ್ಡಿನಲ್ಲಿ ಕೂತು ನಟ್ಟು ತಿರುಗಿಸಲು ಒಂದು ಕಾರಣ ಆಡುಗೋಡಿಯಲ್ಲಿದೆ ಎಂದು ನನ್ನ ಅನಿಸಿಕೆ. ಐವತ್ತರ ದಶಕದಲ್ಲಿ ಶುರುವಾದ ಮೈಕೋ ಕಾರ್ಖಾನೆ ಅಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ತಯಾರಿಸುತ್ತಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಬಿಟಿಎಂ ಎರಡನೇ ಹಂತದ ಮೈಕೋ ಲೇಔಟು ಹಾಗೆಯೇ ಉಳಿಯಿತು. ಡೀಸೆಲ್ ಪಂಪಿನ ಕೆಲಸವೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕ. ಅಂಥ ಕಡೆ ಮೂವತ್ತು ವರ್ಷ ದುಡಿದು ರಿಟೈರಾದವರು ಮನೆಯಲ್ಲಿ ಕೂತು ಸೀರಿಯಲ್ ನೋಡಿಯಾರೆ? ನಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ, ಎಲ್ಲರ ಬಾಯಲ್ಲೂ ಮೈಕೋ ಅಂಕಲ್. ಅವರು ಪ್ಲಗ್ಗು ಬಿಚ್ಚಿ ತುದಿಯ ಬಣ್ಣ ನೋಡಿಯೇ ಎಂಜಿನ್ನಿನ ಜಾತಕ ಹೇಳುತ್ತಾರೆ. ಕಾಫಿಪುಡಿ ಬಣ್ಣವಿದ್ದರೆ ಆರೋಗ್ಯ. ಕಪ್ಪಗೆ ಒದ್ದೆಯಾಗಿದ್ದರೆ ಎಣ್ಣೆ ಜಾಸ್ತಿ. ಬೆಳ್ಳಗಿದ್ದರೆ ಗಾಡಿಯ ಮೈ ಕಾಯುತ್ತಿದೆ. ಅಡುಗೆಮನೆಗೆ ಬಂದರೆ ಒಗ್ಗರಣೆ ಸೀದಿದೆಯೋ ಇಲ್ಲವೋ ಅವರಿಗೆ ತಿಳಿಯುವುದಿಲ್ಲ ಎನ್ನುವುದು ಅವರ ಮನೆಯಾಕೆಯ ತಕರಾರು.

ಜಾವಾ ಸುಸೂತ್ರ ಗಾಡಿಯೇ. ಕಿಕ್ಕರೂ ಗೇರೂ ಒಂದೇ ಲಿವರು. ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಗೇರಾಗುತ್ತದೆ. ಹೊಸಬರು ಕಿಕ್ಕರ್ ಎಲ್ಲಿ ಎಂದು ಹುಡುಕುವುದನ್ನು ನೋಡುವುದೇ ಇವರಿಗೆ ಖುಷಿ. ಎಂಜಿನ್ನಿನ ಬಲಗಡೆಯ ಮುಚ್ಚಳ ತೆಗೆದರೆ ಪಾಯಿಂಟು: ಕಡಲೆಬೇಳೆಗಿಂತ ಚಿಕ್ಕ ಎರಡು ಲೋಹದ ಬಿಲ್ಲೆಗಳು, ಒಂದನ್ನೊಂದು ಮುಟ್ಟಿ ಬಿಡುತ್ತಿರಬೇಕು. ಬಿಟ್ಟಾಗ ನಡುವೆ ಇರಬೇಕಾದ ಸಂದು 0.4 ಮಿಲಿಮೀಟರು. ಅದು ಕರಿ ಹಿಡಿದರೆ ಕಿಡಿ ಹಾರದು. ನುಣ್ಣನೆಯ ಎಮರಿ ಪೇಪರನ್ನು ಮಡಚಿ ಆ ಸಂದಿಯಲ್ಲಿ ತೂರಿಸಿ ಎರಡು ಸಲ ಎಳೆದು, ಆಮೇಲೆ ಬಿಳೀ ಕಾಗದ ತೂರಿಸಿ ಒರೆಸಬೇಕು. ಕಾಗದ ಬೆಳ್ಳಗೇ ಹೊರಬರುವ ತನಕ ಬಿಡುವಂತಿಲ್ಲ. ಆ ಬಿಳೀ ಕಾಗದ ನನ್ನ ಕ್ಯಾಲೆಂಡರಿನಿಂದ ಹರಿದದ್ದೆಂದು ಹಾಲಿನವರ ಲೆಕ್ಕ ನೋಡಲು ಹೋದಾಗ ಗೊತ್ತಾಗುತ್ತದೆ. ಪೆಟ್ರೋಲಿಗೆ ಲೀಟರಿಗೆ ಸುಮಾರು 40 ಮಿಲಿಲೀಟರು ಆಯಿಲ್ ಬೆರೆಸಬೇಕು. ಅದನ್ನು ಅಳೆಯಲು ಹೋದದ್ದು ಮಕ್ಕಳಿಗೆ ಕಷಾಯ ಹಾಕುತ್ತಿದ್ದ ಔನ್ಸ್ ಲೋಟ. ಈಚೆಗೆ ಬಂಕುಗಳಲ್ಲಿ ಎಥನಾಲ್ ಬೆರೆತ ಪೆಟ್ರೋಲು ಬಂದ ಮೇಲೆ ಕಾರ್ಬೊರೇಟರಿನ ಹಳೇ ರಬ್ಬರ್ ಭಾಗಗಳು ಉಬ್ಬುತ್ತವೆ, ಗಟ್ಟಿಯಾಗುತ್ತವೆ, ಸೀಳು ಬಿಡುತ್ತವೆ. ಶೆಡ್ಡಿನ ಕೆಲಸ ಹೆಚ್ಚಿತು. ನಾನೂ ಅದಕ್ಕೆ ತಕ್ಕಂತೆ ಬಾಡಿಗೆ ಏರಿಸಿದೆ.

ಬಾಡಿಗೆಯ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಮಿಕ್ಸಿ. ಜಾರು ಕೂರುವ ಕಡೆಯ ಕಪ್ಲರಿನ ಹಲ್ಲು ಸವೆದರೆ ಮೋಟಾರು ಭರ್ರೆನ್ನುತ್ತದೆ, ಬ್ಲೇಡು ತಿರುಗುವುದಿಲ್ಲ, ಚಟ್ನಿ ಇದ್ದ ಹಾಗೇ ಇರುತ್ತದೆ. ಕಪ್ಲರಿನ ಬೆಲೆ ಬಹಳವೇನಲ್ಲ, ಬಿಚ್ಚುವುದರಲ್ಲಿದೆ ಗುಟ್ಟು. ಸಾಮಾನ್ಯವಾಗಿ ಅದಕ್ಕೆ ಉಲ್ಟಾ ಥ್ರೆಡ್ಡು. ಎಲ್ಲ ಸ್ಕ್ರೂಗಳ ಹಾಗೆ ಎಡಕ್ಕೆ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಕೆಳಗಿನಿಂದ ಮೋಟಾರಿನ ಶಾಫ್ಟನ್ನು ಸ್ಕ್ರೂಡ್ರೈವರಿನಿಂದ ಅಲುಗದಂತೆ ಹಿಡಿದು, ಮೇಲಿನದನ್ನು ಬಲಕ್ಕೆ ತಿರುಗಿಸಬೇಕು. ಎದುರುಮನೆಯವರ ಅಳಿಯ ಸಾಫ್ಟ್‌ವೇರಿನವರು, ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಎಡಕ್ಕೇ ತಿರುಗಿಸುತ್ತ ಬೆವರುತ್ತಿದ್ದರು. ನಮ್ಮನೆಯವರು ಹೋಗಿ, ಒಂದು ಬಟ್ಟೆ ಸುತ್ತಿ, ಬಲಕ್ಕೆ ಒಂದು ಸಣ್ಣ ಏಟು ಹಾಕಿದರು. ‘ಟಕ್’ ಎಂದು ಬಂತು. ಅವತ್ತಿನಿಂದ ಆ ಮನೆಯವರಿಗೆ ನಮ್ಮ ಗಾಡಿಯ ಹೊಗೆ ವಾಸನೆ ಬರುವುದೇ ಇಲ್ಲ.

ಕಾವೇರಿ ನೀರು ನಮಗೆ ದಿನ ಬಿಟ್ಟು ದಿನ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಸಂಪು ತುಂಬಿರುತ್ತದೆ, ಮೇಲಿನ ಟ್ಯಾಂಕು ಖಾಲಿ. ಸ್ವಿಚ್ಚು ಹಾಕಿದರೆ ಮೋಟಾರು ‘ಗುಂಯ್’ ಎನ್ನುತ್ತದೆ, ಏಳುವುದಿಲ್ಲ. ಪ್ಲಂಬರು “ವೈಂಡಿಂಗ್ ಹೋಗಿದೆ ಮೇಡಂ, ಹೊಸದು ಹಾಕಿಸಿ” ಎನ್ನುತ್ತಾನೆ. ಮೈಕೋ ಅಂಕಲ್ ಬಂದು ಕಿವಿಗೊಟ್ಟು ಕೇಳಿ, ಸ್ವಿಚ್ಚು ಆರಿಸಿ, ಹಿಂದಿನ ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾರೆ. ಸಲೀಸಾಗಿ ತಿರುಗಿದರೆ ಬೇರಿಂಗು ಸರಿಯಿದೆ. ಹಾಗಿದ್ದೂ ಏಳದಿದ್ದರೆ ಕೈಕೊಟ್ಟದ್ದು ಬಹುತೇಕ ಕೆಪಾಸಿಟರು. ಸಿಂಗಲ್ ಫೇಸ್ ಮೋಟಾರಿಗೆ ಮೊದಲ ತಳ್ಳು ಕೊಡುವುದು ಅದೇ. ಅದು ಸತ್ತರೆ ಗುಂಯ್‌ಗುಡುವುದೊಂದೇ ಉಳಿಯುತ್ತದೆ. ಎಸ್.ಪಿ. ರೋಡಿನಿಂದ ಹೊಸದು ತಂದು ಹಾಕಿದರೆ ಮುಗಿಯಿತು. ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ ಎಂದು ಅಂಕಲ್ ಪ್ರತಿ ಸಲವೂ ಎಚ್ಚರಿಸುತ್ತಾರೆ.

ಇಷ್ಟೆಲ್ಲ ಬಲ್ಲ ನಮ್ಮನೆಯವರಿಗೆ ಒಂದು ದೌರ್ಬಲ್ಯ. ಹೊಸದು ಕೊಳ್ಳಲು ಬಿಡುವುದಿಲ್ಲ. ಅಮ್ಮ ನನ್ನ ಮದುವೆಯಲ್ಲಿ ಕೊಟ್ಟ ಮಿಕ್ಸಿಗೆ ಈಗ ಬ್ಲೇಡು, ಬುಷ್ಷು, ವೈರು, ಸ್ವಿಚ್ಚು, ಜಾರು ಎಲ್ಲ ಬೇರೆಯವೇ. “ಬಾಡಿ ಒರಿಜಿನಲ್ ಕಣೇ!” ಎನ್ನುತ್ತಾರೆ. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳ ಮುಂದೆ ಹೊಸ ಮಿಕ್ಸಿ ನೋಡಿ ನಿಂತರೆ ನನ್ನ ಕೈಹಿಡಿದು ಎಳೆದುಕೊಂಡು ಹೋಗುತ್ತಾರೆ. ಆಯುಧಪೂಜೆಯ ದಿನ ಜಾವಾದ ಪಕ್ಕದಲ್ಲಿ ಸ್ಪ್ಯಾನರ್ ಸೆಟ್ಟು, ಹ್ಯಾಕ್ಸಾ, ಡ್ರಿಲ್ಲು, ಕೊನೆಗೆ ಆ ಮಿಕ್ಸಿ. ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ಶೆಡ್ಡಿಗೆ ಪೊರಕೆ ಬೀಳುವುದು ವರ್ಷಕ್ಕೆ ಆ ಒಂದು ದಿನ. ಜುಲೈ ತಿಂಗಳ ಎರಡನೇ ಭಾನುವಾರ, ಅಂತಾರಾಷ್ಟ್ರೀಯ ಜಾವಾ ದಿನದಂದು, ಗಾಡಿಗೆ ಮಾತ್ರ ಸ್ನಾನ.

ಈಗ ಹೊಸ ಸಂಗತಿ. ಬೀದಿಯ ಅರ್ಧ ಮನೆಗಳು ಬಿದ್ದು ನಾಲ್ಕಂತಸ್ತಾಗಿವೆ. ನೆಲಮಟ್ಟದಲ್ಲಿ ಬರೀ ಕಂಬಗಳ ಪಾರ್ಕಿಂಗು. ಒಂದು ಹನಿ ಆಯಿಲ್ ಬಿದ್ದರೆ ಅಸೋಸಿಯೇಷನ್ನಿನವರು ನೋಟಿಸ್ ಅಂಟಿಸುತ್ತಾರೆ. ನಮ್ಮ ಮನೆಗೂ ಬಿಲ್ಡರೊಬ್ಬರು ಬಂದು ಹೋಗುತ್ತಿದ್ದಾರೆ: ಎರಡು ಫ್ಲಾಟು ನಮಗೆ, ಉಳಿದದ್ದು ಅವರಿಗೆ. ಮೊಣಕಾಲು ನೋವಿನ ದೆಸೆಯಿಂದ ಲಿಫ್ಟಿನ ಆಸೆಗೆ ನಾನು ಒಪ್ಪಿದ್ದೇನೆ. ಇವರು ನಕ್ಷೆ ಬಂದಾಗಲೆಲ್ಲ ಬೆಡ್‌ರೂಮು, ಬಾಲ್ಕನಿ ಯಾವುದನ್ನೂ ನೋಡುವುದಿಲ್ಲ. ಸೀದಾ ಕೆಳಗಿನ ಹಂತಕ್ಕೆ ಬೆರಳಿಟ್ಟು “ಇಲ್ಲಿ ನಮಗೊಂದು ಸ್ಟೋರ್ ರೂಮು” ಎನ್ನುತ್ತಾರೆ. ಆರ್ಕಿಟೆಕ್ಟ್ ಹುಡುಗಿ ಬರೆದುಕೊಂಡಳು. ಬಾಗಿಲು ಮೂರೂವರೆ ಅಡಿ ಬೇಕಂತೆ, ಹ್ಯಾಂಡಲ್ ತಾಗಬಾರದು. ಹೊಸ್ತಿಲು ಬೇಡವಂತೆ. ಒಂದು ಹದಿನೈದು ಆಂಪ್ಸ್ ಪಾಯಿಂಟು, ಹೊಗೆ ಹೋಗಲು ಎಕ್ಸಾಸ್ಟ್ ಫ್ಯಾನು.

“ಅಂಕಲ್, ಸ್ಟೋರಲ್ಲಿ ಏನಿಡ್ತೀರ?” ಎಂದು ಕೇಳಿದಳು ಪಾಪ.

“ಮಿಕ್ಸಿ” ಎಂದರು ಇವರು.