ಸಲಾಯಿನ್ ಬಿಚ್ಚುವ ಹೊತ್ತು

ಸಲಾಯಿನ್ ಹಚ್ಚುವಾಗ ಮನೆಮಂದಿಯೆಲ್ಲ ಮಂಚದ ಸುತ್ತ ನಿಲ್ಲುತ್ತೇವೆ. ನೋವಾಯಿತೇ, ಹನಿ ಸರಿಯಾಗಿ ಬೀಳುತ್ತಿದೆಯೇ ಎಂದು ಹತ್ತು ಸಲ ಕೇಳುತ್ತೇವೆ. ಬಿಚ್ಚುವ ಹೊತ್ತಿಗೆ ಮಾತ್ರ ಒಬ್ಬರು ಬಿಲ್ಲು ಕಟ್ಟಲು ಹೋಗಿರುತ್ತಾರೆ, ಇನ್ನೊಬ್ಬರು ರಿಕ್ಷಾ ಹುಡುಕಲು. ಎಚ್ಚರ ಬೇಕಾದದ್ದು ಆಗಲೂ ಅಷ್ಟೇ ಎಂಬುದು ನಮಗೆ ಕಳೆದ ಮಳೆಗಾಲದಲ್ಲಿ ತಿಳಿಯಿತು.

ಧಾರವಾಡದಿಂದ ಬಂದಿದ್ದ ನಮ್ಮ ಮಾವನವರು ವಾಂತಿಭೇದಿಯಿಂದ ಬಳಲಿ ಎರಡು ದಿನ ಇಲ್ಲಿಯ ಒಂದು ಆಸ್ಪತ್ರೆಯಲ್ಲಿದ್ದರು. ಉಪ್ಪುನೀರನ್ನು ರಕ್ತನಾಳಕ್ಕೆ ಹರಿಸುವ ಈ ಉಪಾಯ ಹಳೆಯದು. 1832ರಲ್ಲಿ ಸ್ಕಾಟ್ಲೆಂಡಿನ ಡಾಕ್ಟರ್ ಥಾಮಸ್ ಲ್ಯಾಟಾ ಕಾಲರಾ ರೋಗಿಗಳಿಗೆ ಇದನ್ನು ಮಾಡಿದ್ದರು. ಮಾವನವರು ಚೇತರಿಸಿಕೊಂಡು ಮನೆಗೆ ಬಂದರು. ಅಂಗಿಯ ತೋಳು ಮೇಲೇರಿಸಿದಾಗ ನೋಡಿದರೆ, ಕ್ಯಾನುಲಾ ಕೈಯಲ್ಲಿಯೇ ಉಳಿದಿದೆ!

“ಇಷ್ಟಕ್ಕೇನ್ರಿ, ನಾನೇ ಜಗ್ಗಿ ತಗೀತೀನಿ” ಎಂದು ನಮ್ಮ ಮೈದುನ ಮುಂದಾದ. ಆತುರಗಾರನಿಗೆ ಬುದ್ಧಿ ಮಟ್ಟ. ಮಾವನವರು ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು. ನಾವು ಅವನನ್ನು ತಡೆದು, ಓಣಿಯ ದವಾಖಾನೆಗೆ ಅವರನ್ನು ಕರೆದೊಯ್ದೆವು.

ಅಲ್ಲಿಯ ಸಿಸ್ಟರ್ ಮೊದಲು ಕೈ ತೊಳೆದು ಕೈಚೀಲ ಹಾಕಿಕೊಂಡರು. ಕ್ಯಾನುಲಾ ಅಲುಗದಂತೆ ಒಂದು ಕೈಯಲ್ಲಿ ಹಿಡಿದು ಪಟ್ಟಿಯನ್ನು ಮೆಲ್ಲಗೆ ಬಿಡಿಸಿದರು. ಕತ್ತರಿ ಮುಟ್ಟಲಿಲ್ಲ, ಕೊಳವೆ ತುಂಡಾದರೆ ಆ ತುಂಡು ರಕ್ತದೊಡನೆ ಒಳಗೆ ಸಾಗೀತು. ನೇರವಾಗಿ, ನಿಧಾನವಾಗಿ ಹೊರಗೆಳೆದ ಕೂಡಲೇ ಒಣ ಹತ್ತಿಬಟ್ಟೆಯಿಂದ ಒತ್ತಿ ಹಿಡಿದರು. ಸಾಮಾನ್ಯವಾಗಿ ಎರಡು ಮೂರು ನಿಮಿಷ ಸಾಕಂತೆ. ಇಂಥ ಗುಳಿಗೆಯವರಿಗೆ ರಕ್ತ ನಿಲ್ಲುವ ತನಕ, ಐದು ನಿಮಿಷವೋ ಇನ್ನೂ ಹೆಚ್ಚೋ, ಒತ್ತಬೇಕು. ಕೊನೆಗೆ ಕೊಳವೆಯ ತುದಿ ಪೂರ್ತಿ ಇದೆಯೇ ಎಂದು ನೋಡಿದರು. ಮುಂದೆ ಆ ಜಾಗ ಕೆಂಪಾದರೆ, ಬಾತರೆ, ಜ್ವರ ಬಂದರೆ ತೋರಿಸಬೇಕೆಂದರು.

“ಸೂಜಿ ಎಲ್ಲಿ?” ಎಂದು ಮಾವನವರು ಕೇಳಿದರು. ಸೂಜಿ ಹಚ್ಚಿದ ದಿನವೇ ಹೊರಬಂದಿತ್ತು. ಕೈಯಲ್ಲಿದ್ದದ್ದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಆದರೆ ಚಿಟ್ಟೆಯ ರೆಕ್ಕೆಯಂಥ ಹಿಡಿಕೆಯುಳ್ಳ ಇನ್ನೊಂದು ಬಗೆಯಲ್ಲಿ ಉಕ್ಕಿನ ಸೂಜಿಯೇ ಒಳಗಿರುತ್ತದೆ. ತೆಗೆದ ಮೇಲೆ ಅದು ಇನ್ನೊಬ್ಬರಿಗೆ ಚುಚ್ಚೀತು. ಕೊರಳಿನ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆಯಂತೂ ಬೇರೆಯೇ ಮಾತು. ಅದನ್ನು ತೆಗೆಯುವಾಗ ಗಾಳಿ ಒಳಹೊಕ್ಕರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ರೋಗಿಯನ್ನು ಅಂಗಾತ ಮಲಗಿಸಿ, ಉಸಿರು ಬಿಗಿಹಿಡಿಯಲು ಹೇಳಿ, ಬಲ್ಲವರೇ ತೆಗೆದು, ಗಾಳಿಯಾಡದ ಪಟ್ಟಿ ಹಾಕುತ್ತಾರೆ. ಮನೆಯವರು ಅದರ ತಂಟೆಗೆ ಹೋಗತಕ್ಕದ್ದಲ್ಲ.

ತೆಗೆದ ಸಾಮಾನಿಗೂ ಒಂದು ದಾರಿಯುಂಟು. 2016ರ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಕೊಳವೆ, ಪ್ಲಾಸ್ಟಿಕ್ ಬಾಟಲಿಗಳು ಕೆಂಪು ಚೀಲಕ್ಕೆ. ರಕ್ತ ತಗುಲಿದ ಹತ್ತಿ ಹಳದಿ ಚೀಲಕ್ಕೆ. ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಮನೆಯಲ್ಲೇ ಸಲಾಯಿನ್ ಹಚ್ಚಿಸಿಕೊಳ್ಳುವ ವೃದ್ಧರು ನಮ್ಮ ಕನ್ನಡ ಕುಟುಂಬಗಳಲ್ಲಿಯೂ ಇದ್ದಾರೆ. ಅಂಥಲ್ಲಿ ಹಚ್ಚಲು ಬಂದವರೇ ಬಿಚ್ಚಿ, ಸಾಮಾನನ್ನೆಲ್ಲ ಹಿಂದಕ್ಕೆ ಒಯ್ಯಬೇಕೆಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಸೂಜಿಗೆ ಮತ್ತೆ ಮುಚ್ಚಳ ಹಾಕಹೋಗಬಾರದು. ಬೆರಳಿಗೆ ಚುಚ್ಚುವುದು ಅಲ್ಲಿಯೇ.

ಪುಣೆಯ ಕಸ ಆಯುವವರು, ಹೆಚ್ಚಾಗಿ ಹೆಣ್ಣುಮಕ್ಕಳು, 1993ರಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ’ ಎಂಬ ಸಂಘ ಕಟ್ಟಿಕೊಂಡರು. ನಮ್ಮ ಮನೆಯ ಕಸವನ್ನು ಕೈಯಿಂದ ವಿಂಗಡಿಸುವವರು ಅವರೇ. ನಮ್ಮ ರೋಗಿ ಗುಣವಾದ ಸಂತೋಷದಲ್ಲಿ ನಾವು ಬುಟ್ಟಿಗೆಸೆದ ಸೂಜಿ ಆ ತಾಯಂದಿರ ಕೈಗೆ ಕಾಮಾಲೆಯನ್ನೋ ಅದಕ್ಕಿಂತ ಕೆಟ್ಟ ರೋಗವನ್ನೋ ಅಂಟಿಸಬಾರದು. ಒಂದು ಮನೆಯ ಶುಶ್ರೂಷೆ ಇನ್ನೊಂದು ಮನೆಗೆ ನೋವಾಗದೆ ಮುಗಿಯಲಿ.