ತಣ್ಣೀರನ್ನು ಸಾಕುವುದು

ಪ್ರಾಣಿಯನ್ನು ಸಾಕುವುದೆಂದರೆ ಅದನ್ನು ಮುಟ್ಟುವುದು, ಮೈದಡವುವುದು, ಹೆಸರು ಹಿಡಿದು ಕರೆದಾಗ ಅದು ಓಡಿಬರುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಟ್ಟಿಯ ದನ, ಜಗಲಿಯ ನಾಯಿ, ಒಲೆಯ ಬದಿಯ ಬೆಕ್ಕು ಈ ಭಾವನೆಯನ್ನು ತಲೆಮಾರುಗಳಿಂದ ಪೋಷಿಸಿಕೊಂಡು ಬಂದಿವೆ. ಆದರೆ ಎರಡು ವರ್ಷಗಳಿಂದ ಪುಣೆಯ ನಮ್ಮ ಮನೆಯಲ್ಲಿರುವ ಜೀವಿಗೆ ಇದೊಂದೂ ಒಗ್ಗುವುದಿಲ್ಲ. ಅದರ ಚರ್ಮ ಅತಿ ಸೂಕ್ಷ್ಮ. ಕೈ ಸೋಕಿದರೆ ಮೈಮೇಲಿನ ಲೋಳೆಯ ಪದರ ಕೆಡುತ್ತದೆ. ಕರೆದರೆ ಬರುವುದಿಲ್ಲ. ಕಣ್ಣಿಗೆ ರೆಪ್ಪೆಯಿಲ್ಲದ್ದರಿಂದ ಪ್ರಖರ ಬೆಳಕನ್ನು ಸಹಿಸುವುದಿಲ್ಲ. ಅದು ಕೇಳುವುದು ತಣ್ಣಗಿನ ಶುದ್ಧ ನೀರನ್ನು ಮತ್ತು ಅಡಗಿ ಕೂರಲು ಒಂದು ಮರೆಯನ್ನು.

ಅದರ ಹೆಸರು ಆಕ್ಸೊಲಾಟ್ಲ್. ನಮ್ಮ ಮಕ್ಕಳ ಬಾಯಲ್ಲಿ ಗುಂಡ. ನೋಡಿದವರೆಲ್ಲ ಮೀನೆನ್ನುತ್ತಾರಾದರೂ ಅದು ಕಪ್ಪೆಯ ಬಳಗದ ಉಭಯಚರಿ. ಗೊದಮೊಟ್ಟೆ ಬೆಳೆದು ಕಪ್ಪೆಯಾಗಿ ದಡಕ್ಕೆ ಏರುತ್ತದೆ. ಆಕ್ಸೊಲಾಟ್ಲ್ ಸಾಮಾನ್ಯವಾಗಿ ಹಾಗೆ ಮಾಡದು. ತಲೆಯ ಇಕ್ಕೆಲಗಳಲ್ಲಿ ಗರಿಗಳಂತೆ ಹರಡಿಕೊಂಡ ಬಾಲ್ಯದ ಕಿವಿರುಗಳನ್ನು ಉಳಿಸಿಕೊಂಡೇ ಪ್ರಾಯಕ್ಕೆ ಬಂದು, ಬದುಕನ್ನೆಲ್ಲ ನೀರಿನಲ್ಲೇ ಕಳೆಯುತ್ತದೆ. ಕಾಲು ತುಂಡಾದರೆ ಹೊಸ ಕಾಲು ಬೆಳೆಯುತ್ತದೆ. ಇಷ್ಟು ಗಟ್ಟಿ ಜೀವವೂ ಬಿಸಿನೀರಿಗೆ ಸೋಲುತ್ತದೆ.

ಅದರ ತವರು ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊದ ಕಾಲುವೆಗಳು. 1864ರಲ್ಲಿ ಅಲ್ಲಿಂದ 34 ಆಕ್ಸೊಲಾಟ್ಲ್‌ಗಳು ಪ್ಯಾರಿಸ್ ತಲುಪಿದವು. ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದು ಇರುವವುಗಳಲ್ಲಿ ಬಹುಪಾಲು ಅವುಗಳ ಸಂತತಿಯೇ. ಇತ್ತ ತವರಿನಲ್ಲಿ 1998ರ ಗಣತಿಯಂತೆ ಪ್ರತಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು, 2014ರ ಹೊತ್ತಿಗೆ ಸುಮಾರು 36ಕ್ಕೆ ಇಳಿದಿದ್ದವು. ನಗರದ ಕೊಳೆನೀರು ಕಾಲುವೆ ಸೇರಿತು. ಆಹಾರಕ್ಕೆಂದು ತಂದುಬಿಟ್ಟ ತಿಲಾಪಿಯಾ ಮತ್ತು ಕಾರ್ಪ್ ಮೀನುಗಳು ಮೊಟ್ಟೆ ಮರಿಗಳನ್ನು ತಿಂದವು. ಮೆಕ್ಸಿಕೊದ 50 ಪೆಸೊ ನೋಟಿನ ಮೇಲೆ 2021ರಿಂದ ಇದರ ಚಿತ್ರವಿದೆ. ನಮ್ಮ ಗಾಜಿನ ತೊಟ್ಟಿಯಲ್ಲಿ ಒಂದು ಬದುಕಿದ ಮಾತ್ರಕ್ಕೆ ಆ ಕಾಲುವೆಗಳಿಗೆ ಏನೂ ಒಳಿತಾಗುವುದಿಲ್ಲ. ಅಲ್ಲಿ ಕೆಟ್ಟದ್ದು ನೀರು. ಇಲ್ಲಿ ನಾವು ದಿನವೂ ಕಾಯಬೇಕಾದದ್ದೂ ನೀರನ್ನೇ.

ನಮ್ಮ ವಸತಿ ಸಂಕೀರ್ಣದ ವಿದ್ಯಾರ್ಥಿಯೊಬ್ಬ ವಿದೇಶಕ್ಕೆ ಹೊರಟಾಗ ಗುಂಡನನ್ನು ನಮಗೆ ಒಪ್ಪಿಸಲು ಬಂದ. 2022ರ ತಿದ್ದುಪಡಿಯ ಬಳಿಕ ನಮ್ಮ ವನ್ಯಜೀವಿ ಕಾಯಿದೆ ಇಂಥ ಪ್ರಾಣಿಗಳ ನೋಂದಣಿಯನ್ನು ಬಯಸುತ್ತದೆ. ಆ ಕಾಗದಪತ್ರಗಳನ್ನು ಪೂರೈಸಿದೆವು. ಆದರೂ ಗುಂಡ ತಕ್ಷಣ ಮನೆಗೆ ಬರಲಿಲ್ಲ. ಹೊಸ ತೊಟ್ಟಿಯನ್ನು ಮೊದಲು ಐದು ವಾರ ಬರಿದೇ ನಡೆಸಿದೆವು. ಹಿಕ್ಕೆಯಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯಾ ವಿಷ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಸುತ್ತದೆ, ಅದೂ ವಿಷವೇ. ಮತ್ತೊಂದು ಬಗೆಯದು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತದೆ. ಕಣ್ಣಿಗೆ ಕಾಣದ ಈ ಕೆಲಸಗಾರರು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿದ ಮೇಲೆಯೇ ಗುಂಡನ ಗೃಹಪ್ರವೇಶ.

ತೊಟ್ಟಿಯ ತಳಕ್ಕೆ ಬೆಣಚುಕಲ್ಲು ಹಾಸಲಿಲ್ಲ. ಆಕ್ಸೊಲಾಟ್ಲ್ ಬಾಯಿ ತೆರೆದು ನೀರಿನೊಡನೆ ಆಹಾರವನ್ನು ಒಳಗೆಳೆದುಕೊಳ್ಳುತ್ತದೆ. ಕಲ್ಲೂ ಜೊತೆಗೆ ಹೋಗಿ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಖಡಕ್‌ವಾಸ್ಲಾದಿಂದ ಬರುವ ನಲ್ಲಿನೀರಿನ ಕ್ಲೋರಿನ್ ತೆಗೆದು, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತೇವೆ. ಎರಡು ದಿನಕ್ಕೊಮ್ಮೆ ಎರೆಹುಳು. ಉಳಿದಂತೆ ಸುಮ್ಮನಿರುವುದು. ಪೋಷಿಸುವುದಕ್ಕೂ ‘ಇನ್ನು ಬೇಡ’ ಎನ್ನುವುದಕ್ಕೂ ಕನ್ನಡದಲ್ಲಿ ಒಂದೇ ಶಬ್ದ, ಸಾಕು. ಗುಂಡನ ವಿಷಯದಲ್ಲಿ ಎರಡೂ ಅರ್ಥಗಳು ಒಟ್ಟಿಗೇ ಬೇಕಾಗುತ್ತವೆ. ಹೆಚ್ಚು ತಿನ್ನಿಸಿದರೆ ನೀರು ಕೆಡುತ್ತದೆ. ಫಿಲ್ಟರನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತದೆ.

ಕಷ್ಟ ತರುವುದು ಮೇ ತಿಂಗಳು. ಆಕ್ಸೊಲಾಟ್ಲ್‌ಗೆ 16ರಿಂದ 18 ಡಿಗ್ರಿಯ ನೀರು ಹಿತ. 24 ದಾಟಿದರೆ ಆಪತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ರೋಗಾಣು ಹೆಚ್ಚು. ಹೀಗಾಗಿ ಚಿಲ್ಲರ್ ಹಗಲಿರುಳು ನಡೆಯುತ್ತದೆ. ಕರೆಂಟು ಹೋದರೆ ಇನ್ವರ್ಟರು ಅದನ್ನು ಹೊರಲಾರದು, ಒಂದು ಪುಟ್ಟ ಫ್ಯಾನನ್ನು ಹೊತ್ತೀತು. ಆದ್ದರಿಂದ ಬೇಸಿಗೆಯಲ್ಲಿ ಮನೆಗೆ ಬೀಗ ಹಾಕುವಂತಿಲ್ಲ.

ಹೊರನಾಡಿನಲ್ಲಿರುವ ನಮಗೆಲ್ಲ ಮೇ ಎಂದರೆ ಊರು. ಮಕ್ಕಳ ರಜೆ, ಧಾರವಾಡ, ಅಮ್ಮ. ಮೊದಲ ವರ್ಷ ನಮ್ಮಲ್ಲೊಬ್ಬರು ಪುಣೆಯಲ್ಲೇ ಉಳಿದೆವು. “ಒಂದು ಮೀನಿನ ಸಲುವಾಗಿ ಊರಿಗೆ ಬರೂದ ಬಿಟ್ರೇನೋ?” ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ, ಅದು ಮೀನಲ್ಲ ಎಂದು ತಿದ್ದುವ ಧೈರ್ಯ ನಮಗಾಗಲಿಲ್ಲ. ಚೆನ್ನಾಗಿ ನೋಡಿಕೊಂಡರೆ ಗುಂಡನಿಗೆ 10ರಿಂದ 15 ವರ್ಷ ಆಯುಸ್ಸು. ಅಮ್ಮನಿಗೆ ಈಗ 78. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ.

ಮರುವರ್ಷ ಅಮ್ಮ ತಾವೇ ಪುಣೆಗೆ ಬಂದರು. ಎರಡು ದಿನ ತೊಟ್ಟಿಯತ್ತ ತಿರುಗಿ ನೋಡಲಿಲ್ಲ. ಮೂರನೆಯ ದಿನ ನಡುಮಧ್ಯಾಹ್ನ ಕರೆಂಟು ಹೋಯಿತು. ಮುಚ್ಚಳ ತೆಗೆದು ನೀರಿನ ಮೇಲೆ ಫ್ಯಾನು ಹಾಯಿಸಿದೆವು, ಫ್ರೀಜರಿನಲ್ಲಿ ಗಟ್ಟಿಮಾಡಿಟ್ಟಿದ್ದ ನೀರಿನ ಬಾಟಲಿಗಳನ್ನು ಒಂದೊಂದಾಗಿ ತೇಲಿಬಿಟ್ಟೆವು. ಎಲ್ಲವನ್ನೂ ಒಮ್ಮೆಗೇ ಬಿಟ್ಟರೆ ತಾಪ ಥಟ್ಟನೆ ಇಳಿದು ಅದೂ ಪೆಟ್ಟೇ. ತಾಪಮಾಪಕ 17ರಿಂದ 19ಕ್ಕೆ, 20ಕ್ಕೆ ಏರಿತು. ಫ್ಯಾನು ಯಾಕೆಂದು ಅಮ್ಮ ಕೇಳಿದರು. ಗಾಳಿಗೆ ನೀರು ಆವಿಯಾಗುತ್ತ ಶಾಖವನ್ನು ಒಯ್ಯುತ್ತದೆ ಎಂದೆವು.

“ನಮ್ಮ ಹರವೀನೂ ಹಿಂಗ ಅಲ್ಲೇನು? ಬೆವತರ ತಂಪ” ಎಂದವರೇ ಎದ್ದು, ತಮ್ಮ ಹಳೆಯ ನೂಲಿನ ಸೀರೆಯೊಂದನ್ನು ನೆನೆಸಿ ತಂದು ತೊಟ್ಟಿಯ ಮೂರು ಬದಿಗೆ ಸುತ್ತಿದರು. ಸೀರೆ ಒಣಗದಂತೆ ಸಂಜೆಯವರೆಗೂ ನೀರು ಚಿಮುಕಿಸುತ್ತ ಕುಳಿತರು. ನೀರು 21ಕ್ಕೆ ಏರಿ ಅಲ್ಲೇ ನಿಂತಿತು. ಬಾಟಲಿಗಳ ಪಾಲೆಷ್ಟು, ಸೀರೆಯ ಪಾಲೆಷ್ಟು ಎಂದು ಲೆಕ್ಕ ಹಾಕಲು ನಾವು ಹೋಗಲಿಲ್ಲ. ಪುಣೆಯ ಒಣಹವೆಯಲ್ಲಿ ಈ ಉಪಾಯ ನಡೆದೀತು. ಮುಂಬಯಿ, ಚೆನ್ನೈಗಳ ಗೆಳೆಯರು ಇದನ್ನು ನಂಬಿ ಕೂರಬಾರದು. ಅಲ್ಲಿಯ ತೇವದ ಗಾಳಿಗೆ ಇನ್ನಷ್ಟು ಆವಿಯನ್ನು ಹೀರುವ ಶಕ್ತಿ ಕಡಿಮೆ.

ಅಂದಿನಿಂದ ಅಮ್ಮ ತೊಟ್ಟಿಯ ಮುಂದೆ ಕೂರತೊಡಗಿದರು. ಆರೋಗ್ಯದ ಗುರುತುಗಳನ್ನು ತಾವಾಗಿಯೇ ಕಲಿತರು: ಕಿವಿರಿನ ಎಳೆಗಳು ದಟ್ಟವಾಗಿರಬೇಕು; ಕಿವಿರು ಮುಂದಕ್ಕೆ ಬಾಗಿದರೆ, ಬಾಲದ ತುದಿ ಕೊಕ್ಕೆಯಾದರೆ, ಹುಳುವಿಗೆ ಬಾಯಿ ತೆರೆಯದಿದ್ದರೆ ಮೊದಲು ನೀರನ್ನು ಪರೀಕ್ಷಿಸಬೇಕು; ಮೈಮೇಲೆ ಹತ್ತಿಯಂಥ ಬಿಳುಪು ಕಂಡರೆ ಶಿಲೀಂಧ್ರ. ಒಂದು ಸಂಜೆ ಹಾಲಿನ ದೊಡ್ಡ ದೀಪವನ್ನು ತಾವೇ ಆರಿಸಿ, “ರೆಪ್ಪಿ ಇಲ್ಲದ ಕಣ್ಣು, ಪಾಪ” ಎಂದರು.

ಜೂನಿನಲ್ಲಿ ಅವರು ಧಾರವಾಡಕ್ಕೆ ಮರಳಿದರು. ಬರುವ ಮೇ ತಿಂಗಳಲ್ಲಿ ಯಾರು ಯಾರಲ್ಲಿಗೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮೊಣಕಾಲು ನೋವಿನವರನ್ನು ಪ್ರತಿವರ್ಷ ಬರಹೇಳುವುದು ನ್ಯಾಯವಲ್ಲವೆಂದು ನಮಗೂ ಗೊತ್ತು. ಫೋನು ಮಾತ್ರ ತಪ್ಪದೆ ಬರುತ್ತದೆ. ಮಕ್ಕಳ ಊಟ, ನಮ್ಮ ಕೆಲಸ ಎಲ್ಲ ವಿಚಾರಿಸಿ ಮುಗಿದ ಮೇಲೆ ಅಮ್ಮ ಕೇಳುತ್ತಾರೆ, “ನೀರು ಎಷ್ಟು ಡಿಗ್ರಿ ಅದ?” ನಾವು ಎದ್ದು ಹೋಗಿ ನೋಡಿ ಹೇಳುತ್ತೇವೆ.